ಗೋಡೆಗೆ ಬಂದ ಗಂಟುಬಳ್ಳಿ

"ಬೇಕಾದ ಗಿಡ ತಗೊಳ್ಳಮ್ಮ. ಬುಡಸಮೇತ ಕಿತ್ಕೊಂಡು ಹೋದ್ರೂ ನಾನು ಕೇಳಲ್ಲ. ಅದೊಂದನ್ನ ಮಾತ್ರ ಮುಟ್ಟಬೇಡ," ಎಂದಳು ಮನೆಯ ಒಡತಿ.

ಹಿತ್ತಲ ಗೋಡೆಯ ತುಕ್ಕು ಹಿಡಿದ ಕಂಬಿಗಳಿಗೆ ಸುತ್ತಿಕೊಂಡಿದ್ದ ಬಳ್ಳಿ ಅದು. ಬೆರಳು ಗಾತ್ರದ ಕಂದು ಮೈ, ತುದಿಯಲ್ಲಿ ಮಾತ್ರ ನಾಲ್ಕಾರು ಎಲೆ. ಮೈತುಂಬ ಗಂಟು. ತಾವಾಗಿ ಬಿದ್ದ ಗಂಟುಗಳಲ್ಲ, ಯಾರೋ ಕೂತು ಹಲ್ಲು ಕಚ್ಚಿ ಬಿಗಿದವು.

ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದವಳು ಕಂಡವರ ಮನೆ ಸಿಂಗರಿಸುವ ಕೆಲಸದವಳು. ಒಣ ಸೋರೆಬುರುಡೆಯಲ್ಲಿ ದೀಪ, ತೆಂಗಿನ ನಾರಿನ ಹಗ್ಗದಲ್ಲಿ ಕನ್ನಡಿಯ ಚೌಕಟ್ಟು, ಹೊಳೆಗಲ್ಲು, ಬಿದಿರ ತಡಿಕೆ, ಇವೆಲ್ಲ ಅವಳ ಕೈಯಲ್ಲಿ ಜೀವ ತಳೆಯುತ್ತಿದ್ದವು. ಅವಳ ಕಣ್ಣು ಬಳ್ಳಿಯಿಂದ ಕದಲಲಿಲ್ಲ.

"ಯಾಕೆ ಆಂಟಿ, ವಿಷಾನಾ?"

ಒಡತಿ ಬಾಯಿಗೆ ಕೈ ಅಡ್ಡ ಹಿಡಿದಳು. "ನಮ್ಮತ್ತೆಗೆ ಕರಿನಾಲಿಗೆ. ಆಡಿದ್ದು ಆಗ್ಬಿಡೋದು. ಮನೇಲಿ ಸಾವಿನ ಮೇಲೆ ಸಾವು. ಕೊನೆಗೆ ನಮ್ಮ ಯಜಮಾನ್ರೇ ಯಾರನ್ನೋ ಕರೆಸಿ ಮಾಟ ಮಾಡಿಸಿದ್ರು. ಅವನು ಹೇಳಿಕೊಟ್ಟ, ಇವರು ಈ ಬಳ್ಳಿಗೆ ಗಂಟು ಕಟ್ಟಿದ್ರು. ಹೆತ್ತೋರೋ ಹೊಟ್ಟೇಲಿ ಹುಟ್ಟಿದೋರೋ, ಸ್ವಂತ ರಕ್ತದ ಕೈಯೇ ಆಗ್ಬೇಕಂತೆ. ಒಂದೊಂದು ಗಂಟಿಗೆ ಒಂದೊಂದು ಮಾತು ಹೋಯ್ತು. ಯಾವ ಮಾತು ಹೋಗುತ್ತೆ ಅನ್ನೋದು ಮಾತ್ರ ಕಟ್ಟೋರ ಕೈಲಿಲ್ಲ. ಸಾಯೋ ಹೊತ್ತಿಗೆ ನೀರು ಅಂತ ಕೇಳೋಕೂ ಬಾಯಿರಲಿಲ್ಲ ಆಯಮ್ಮಂಗೆ."

"ಹಾಗಿದ್ರೆ ಕಿತ್ತು ಬಿಸಾಕೋದಲ್ವಾ?"

"ಒಣಗಿದ್ರೆ ಗಂಟು ಸಡಿಲ ಆಗುತ್ತಂತೆ. ಅದಕ್ಕೇ ದಿನಾ ನೀರು ಹಾಕ್ತೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ. "ನಮ್ಮತ್ತೆಗೂ ಒಂದು ಮಾರು ಕೊಡಿ ಆಂಟಿ, ಪುಣ್ಯ ಬರುತ್ತೆ!"

ಒಡತಿ ನಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಳ್ಳಿಗೆ ನೀರು ಹಾಕಲು ಹೇಳಿ ಒಡತಿ ತಿಂಗಳ ಮಟ್ಟಿಗೆ ತಂಗಿಯ ಮನೆಗೆ ಹೋದ ದಿನ ಇವಳು ಬಳ್ಳಿಯನ್ನು ಬೇರುಸಮೇತ ಬಿಡಿಸಿ ಮೇಲೆ ತಂದಳು. ಬುಡವನ್ನು ಗಾಜಿನ ಜಾಡಿಯ ನೀರಿಗಿಳಿಸಿ, ಮೈಯನ್ನು ಮಗಳ ಮಂಚದ ಮೇಲಿನ ಗೋಡೆಗೆ ಹಬ್ಬಿಸಿದಳು. ಗಂಡ ಲಿಫ್ಟ್ ರಿಪೇರಿಯವನು. ಚೀಲ ಇಳಿಸಿ ಸುತ್ತಲ ಕುಂಡಗಳನ್ನು ನೋಡಿದ. "ಇನ್ನು ನಾನು ಅಲ್ಲಾಡದೆ ಕೂತ್ರೆ ನನ್ನ ತಲೆ ಮೇಲೂ ಹುಲ್ಲು ಬೆಳೆಸ್ತೀಯ ನೀನು."

ಮಗಳು ನಗಲಿಲ್ಲ. ಪುಟ್ಟಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಕಿವಿ ಸರಿ, ಗಂಟಲು ಸರಿ, ಕಾಯಿರಿ ಎಂದಿದ್ದರು ಡಾಕ್ಟರು. ಆ ಕಾಯುವಿಕೆ ತಾಯಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಬೇರೆ ಮಕ್ಕಳು "ಅಮ್ಮಾ" ಎಂದು ಕೂಗಿದರೆ ಈ ತಾಯಿ ಬೀದಿಯಲ್ಲೇ ತಿರುಗಿ ನೋಡುತ್ತಿದ್ದಳು, ಪಾಪ.

ಬಳ್ಳಿಯನ್ನು ಬಳೆಯ ಹಾಗೆ ಬಗ್ಗಿಸಬೇಕೆಂದರೆ ಗಂಟು ಅಡ್ಡ ಬರುತ್ತಿತ್ತು. ಅವಳು ದಬ್ಬಳ ತೂರಿಸಿ ಒಂದನ್ನು ಮೀಟಿದಳು. ನಾಲಿಗೆ ಲೊಚಗುಟ್ಟಿದಂಥ ಸದ್ದು. ಬಹಳ ಕಾಲ ಮುಚ್ಚಿಟ್ಟ ಬಾಯಿಯ ವಾಸನೆ ಮೂಗಿಗೆ ಬಡಿಯಿತು.

ಬೆನ್ನ ಹಿಂದೆ ಪುಟ್ಟಿ ಅಂದಳು: "ನೀರು."

ತಾಯಿಯ ಕೈಯಿಂದ ದಬ್ಬಳ ಬಿತ್ತು. ಮಗುವನ್ನು ಅಪ್ಪಿ ಅತ್ತಳು, ನಕ್ಕಳು, ಲೋಟದ ತುಂಬ ನೀರು ಕುಡಿಸಿದಳು. ಬರುವ ಹೊತ್ತಿಗೆ ಬಂತು, ಅಷ್ಟೇ ಎಂದುಕೊಂಡಳು. ಆದರೂ ಮರುದಿನ ಕೈ ತಾನಾಗಿ ಇನ್ನೊಂದು ಗಂಟಿಗೆ ಹೋಯಿತು. "ಬೆಕ್ಕು." ಮತ್ತೊಂದು. "ಚೆಂಡು." ಗಿಡ. ಅಪ್ಪ. "ಅಮ್ಮ" ಬಂದ ದಿನ ಮಗಳ ಬಾಯಲ್ಲಿ ಅದನ್ನೇ ರಾತ್ರಿಯವರೆಗೂ ಹೇಳಿಸಿದಳು.

ಬುಡದ ಹತ್ತಿರ ಒಂದು ಗಂಟು ಉಳಿಯಿತು. ಕರ್ರಗೆ, ಕಲ್ಲಿನಂತೆ.

"ಸಾಕು ಬಿಡೇ, ದೃಷ್ಟಿಗೆ ಒಂದಾದ್ರೂ ಇರಲಿ," ಎಂದ ಗಂಡ.

ಅವಳು ಬಿಡಲಿಲ್ಲ. ಉಗುರು ಕಿತ್ತು ರಕ್ತ ಬಂದರೂ ಬಿಚ್ಚಿದಳು. ಪುಟ್ಟಿ ಗೋಡೆಯನ್ನೇ ನೋಡುತ್ತ ನಿಧಾನವಾಗಿ ಅಂದಳು: "ಇಲ್ಲ."

ಆ ಸಂಜೆ ಮಗಳ ಹಲ್ಲುಜ್ಜಿಸುವಾಗ ನಾಲಿಗೆಯ ಮೇಲೆ ಒಂದು ಕಪ್ಪು ಮಚ್ಚೆ ಕಂಡಿತು. ಉಜ್ಜಿದಳು. ಹೋಗಲಿಲ್ಲ.

ಪುಟ್ಟಿ ಈಗ ಎರಡೆರಡು ಮಾತು ಜೋಡಿಸುತ್ತಿದ್ದಳು. "ಬೆಕ್ಕು ಇಲ್ಲ," ಎಂದಳು ಕಿಟಕಿಯಲ್ಲಿ ನಿಂತು. ಒಡತಿಯ ಬೆಕ್ಕು ನೀರಿನ ತೊಟ್ಟಿಯ ಮಗ್ಗುಲಲ್ಲಿ ಸೆಟೆದು ಬಿದ್ದಿತ್ತು. "ಗಿಡ ಇಲ್ಲ," ಎಂದಳು ಆಟದ ನಡುವೆ. ಸಂಜೆಯೊಳಗೆ ಮನೆಯ ಅಷ್ಟೂ ಕುಂಡಗಳು ಕುದಿನೀರು ಸುರಿದಂತೆ ಜೋತುಬಿದ್ದವು. ಕೊಳೆತ ಎಲೆಯ ನಾತ ಕೋಣೆ ತುಂಬಿತು. ಮಂಚದ ಮೇಲಿನ ಬಳ್ಳಿಯೊಂದು ಮಾತ್ರ ಹಸಿಹಸಿಯಾಗಿತ್ತು.

ತಾಯಿ ದಡಬಡಿಸಿ ಓಡಿ ಬಂದಳು. ಮಗುವಿನ ಬಾಯಿಗೆ ಕೈ ಒತ್ತಿದಳು. ಅದೂ ಒಂದು ಆಟವೆಂದು ಪುಟ್ಟಿ ಬೆರಳ ಸಂದಿಯಲ್ಲೇ ಕಿಲಕಿಲ ನಕ್ಕಳು. ಕೊಸರಿಕೊಂಡು ಓಡಿ, ಅಪ್ಪ ಬಿಟ್ಟುಹೋದ ಕಾಲುಚೀಲ ಎತ್ತಿ ತೋರಿಸಿದಳು.

"ಅಪ್ಪ ಇಲ್ಲ."

ಫೋನು ಮಾಡಿದಳು. ರಿಂಗಾಯಿತು. ಮತ್ತೆ ಮಾಡಿದಳು. ಎತ್ತಿದ್ದು ಬೇರೆ ದನಿ. "ಯಾರು, ಅವರ ಮನೆಯವ್ರಾ? ಲಿಫ್ಟು ಮೇಲಿಂದ... ಅಮ್ಮಾ, ಜೊತೆಗೆ ಯಾರಾದ್ರೂ ಇದ್ದಾರಾ?"

ಫೋನು ನೆಲಕ್ಕೆ ಬಿತ್ತು. ಕರೆಂಟು ಹೋಯಿತು. ಮಬ್ಬಿನಲ್ಲಿ ಮಂಚದ ಮೇಲೆ ಕೂತ ಪುಟ್ಟ ಆಕಾರ ಅವಳ ಕಡೆಗೆ ತಿರುಗಿತು.

"ಅಮ್ಮ..."

ಅವಳು ಬಳ್ಳಿಗೆ ಹಾರಿದಳು. ಗೋಡೆಯಿಂದ ಸೆಳೆದಳು. ಮಡಚಿದಳು, ತೂರಿಸಿದಳು, ಎಳೆದಳು. ಬಿಚ್ಚುವಾಗ ಅಷ್ಟು ಕಾಡಿದ ಬಳ್ಳಿ ಈಗ ಹೆತ್ತ ಕೈಗೆ ಹಸಿ ಹಿಟ್ಟಿನಂತೆ ಬಗ್ಗಿತು. ಲೊಚ್. ಚೆಂಡು ಹೋಯಿತು. ಲೊಚ್. ನೀರು ಹೋಯಿತು. ಪುಟ್ಟಿ ಗಂಟಲು ಮುಟ್ಟಿಕೊಂಡಳು. ಗಿಡ ಹೋಯಿತು. ಬೆಕ್ಕು. ಅಪ್ಪ. ಹೋಗಬೇಕಾದ "ಇಲ್ಲ" ಮಾತ್ರ ಹೋಗಲಿಲ್ಲ. ಮಗು ಅಳುತ್ತ ಅಂಬೆಗಾಲಿಟ್ಟು ಮಡಿಲ ಹತ್ತಿರ ಬಂತು. ಬಿಸಿಯುಸಿರು ಮುಖಕ್ಕೆ ತಾಗಿತು. ಅದೇ ವಾಸನೆ.

"ಅಮ್ಮ..." ತುಟಿಗಳು ಅಗಲವಾದವು. ಹಲ್ಲು ಕಂಡವು. "ಇ..."

ಕಣ್ಣು ಮುಚ್ಚಿ ಎಳೆದಳು. ಇನ್ನೊಂದು ಹಾಕಿ ಮತ್ತೆ ಎಳೆದಳು.

ಸದ್ದಿಲ್ಲ.

ಪುಟ್ಟಿಯ ಬಾಯಿ ತೆರೆದೇ ಇತ್ತು. ಕಣ್ಣೀರು ಇಳಿಯುತ್ತಿತ್ತು. ತುಟಿಗಳು ಎರಡು ಸಲ ಕೂಡಿ ಬೇರೆಯಾದವು. ಅವು ಕರೆಯುತ್ತಿದ್ದುದು ಯಾರನ್ನೆಂದು ಅವಳಿಗೆ ಗೊತ್ತಿತ್ತು. ದನಿ ಮಾತ್ರ ಬರಲಿಲ್ಲ. ಇನ್ನು ಬರುವುದೂ ಇಲ್ಲ.

ಗಂಡನ ಮಣ್ಣು ಮುಗಿದ ಮೇಲೆ, ತಂಗಿಯ ಮನೆಯಿಂದ ಮರಳಿದ ಒಡತಿ ಮಹಡಿ ಹತ್ತಿ ಬಂದಳು. ಬೋಳು ಗೋಡೆ ನೋಡಿದಳು, ಖಾಲಿ ಕುಂಡ ನೋಡಿದಳು, ಜಾಡಿಯಲ್ಲಿನ ಬಳ್ಳಿ ನೋಡಿದಳು. ಬೈಯಲಿಲ್ಲ.

"ನೀರು ಹಾಕ್ತಾ ಇರು," ಎಂದಷ್ಟೇ ಹೇಳಿ ಇಳಿದುಹೋದಳು.

ಹಾಕುತ್ತಾಳೆ. ಬೆಳಿಗ್ಗೆ ಹಾಕುತ್ತಾಳೆ, ಸಂಜೆ ಹಾಕುತ್ತಾಳೆ. ಆದರೆ ಪುಟ್ಟಿ ಜಾಣೆ. ಗಂಟು ಬಿಚ್ಚುವುದು ಹೇಗೆಂದು ಅಮ್ಮನ ಮಗ್ಗುಲಲ್ಲೇ ಕೂತು ನೋಡಿದ್ದವಳು. ಎಲ್ಲಿ ಆಡಲು ಬಿಟ್ಟರೂ ತಿರುಗಿ ಜಾಡಿಯ ಹತ್ತಿರವೇ ಬಂದು ಕೂರುತ್ತಾಳೆ, "ಇಲ್ಲ" ಸೇರಿಕೊಂಡ ಕರೀ ಗಂಟನ್ನೇ ಹುಡುಕಿ ಕೆರೆಯುತ್ತಾಳೆ.

ಅದಕ್ಕೇ ತಾಯಿ ನೀರು ಹಾಕಿ ಮುಗಿಸಿದ ಕೂಡಲೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ. ಒಂದೊಂದೇ ಬೆರಳು ಹಿಡಿದು, ಚರ್ಮದವರೆಗೂ ಉಗುರು ಕತ್ತರಿಸುತ್ತಾಳೆ.

ಮಗು ಕೂಗುವುದಿಲ್ಲ.