ಎಣ್ಣೆ ಎರೆಯದ ಬಂಡೆ

ಏಕನಾಥಮ್ಮ ಎಣ್ಣೆ ಬಾಟಲಿಯ ಬಾಯಿಗೆ ಬಟ್ಟೆ ತುರುಕಿ ಗಂಡ ಪಾಲಣ್ಣನ ಚೀಲಕ್ಕಿಟ್ಟಳು. ನಿನ್ನೆ ಸಂಜೆ ಕುರಿಗಳಷ್ಟೇ ಮನೆಗೆ ಬಂದಿದ್ದವು. ಅವನ್ನು ಕಾಯಲು ಹೋಗಿದ್ದ ಅವಳ ತಂಗಿ ಚಂದ್ರಕ್ಕ ಕಾಲು ಮುರಿದುಕೊಂಡು ಗುಡ್ಡದ ಗವಿಯಲ್ಲಿ ಬಿದ್ದಿರುವುದು ರಾತ್ರಿ ಹುಡುಕಿದಾಗ ತಿಳಿದಿತ್ತು. ಗವಿಯ ದಾರಿಯ ಮೇಲೆ ಒಂದು ಬಂಡೆ ಜಾರಿ ಬಂದು ನಿಂತಿತ್ತು. ಅದರ ಕೆಳಗೆ ಹಾಯ್ದೇ ಅವಳನ್ನು ತರಬೇಕು.

ಪಾಲಣ್ಣ, ಪಕ್ಕದ ಮನೆಯ ಪರಮೇಶ್, ಪಿಯುಸಿ ಅರ್ಧಕ್ಕೆ ಬಿಟ್ಟಿದ್ದ ಸೊಸೆ ಸುಪ್ರಿಯಾ, ಮೂವರೂ ತಮ್ಮೂರು ಬಿ.ದುರ್ಗ ಬಿಟ್ಟಾಗ ಬೆಳಕು ಹರಿದಿತ್ತು. ಕಾರೆ ಮುಳ್ಳು ಸುಪ್ರಿಯಾಳ ಸೀರೆಯನ್ನು ಹಿಡಿದೆಳೆಯಿತು. ಬಿಸಿಲೇರಿದಂತೆ ಕಲ್ಲು ಕಾದು ಚಪ್ಪಲಿಯೊಳಗೂ ಸುಟ್ಟಿತು. ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿದ್ದವು. ನಿದ್ದೆಯಿಲ್ಲದ ಮೂವರಿಗೂ ಅದನ್ನು ನೋಡಿಯೇ ಕಣ್ಣು ಎಳೆಯುತ್ತಿತ್ತು.

ಬಂಡೆ ದಾರಿಯ ನೆತ್ತಿಗಿದ್ದ ಇಳಿಜಾರಿನ ಹಾಸುಗಲ್ಲಿನ ಮೇಲೆ ಆನೆಯಂತೆ ನಿಂತಿತ್ತು, ಅದರ ಮುಂಗಡೆ ದಾರಿಯ ಮೇಲೆ ಚಾಚಿತ್ತು. ಜರುಗಿದ ಕಲ್ಲಿಗೆ ಶಾಂತಿಗೆಂದು ಎಣ್ಣೆ ಎರೆಯದೆ ಅದರ ಕೆಳಗೆ ಹಾಯುವ ರೂಢಿ ಆ ಮನೆಯಲ್ಲಿರಲಿಲ್ಲ. ಪಾಲಣ್ಣ ಬಾಟಲಿ ತೆಗೆದ.

"ಮಾವ, ಎರಿಬ್ಯಾಡ್ರಿ," ಎಂದಳು ಸುಪ್ರಿಯಾ. ಮಾವನಿಗೆ ಅವಳು ಬೇಡವೆಂದದ್ದು ಅದೇ ಮೊದಲು.

ಸುಣ್ಣಕಲ್ಲಿನ ಚೂರಿನಿಂದ ನೆಲದ ಮೇಲೆ ಇಳಿಜಾರು ಬರೆದಳು, ಅದರ ಮೇಲೊಂದು ಬಂಡೆ, ಮೂರು ಬಾಣ. ಒಂದು ಬಂಡೆಯ ಭಾರ, ನೆಟ್ಟಗೆ ಕೆಳಕ್ಕೆ. ಇನ್ನೊಂದು ಹಾಸುಗಲ್ಲು ಬಂಡೆಯನ್ನು ಎದುರು ಒತ್ತುವುದು. ಮೂರನೆಯದು ಜಾರದಂತೆ ಇಳಿಜಾರಿನ ಗುಂಟ ಮೇಲಕ್ಕೆ ತಡೆಯುವ ಘರ್ಷಣೆ. ಪಕ್ಕದಲ್ಲಿ ಅವನ್ನೇ ಒಂದರ ತುದಿಗೊಂದು ಜೋಡಿಸಿದಳು. ಎಲ್ಲೂ ಬಾಯಿ ಬಿಡದೆ ತ್ರಿಕೋನವಾಯಿತು.

"ಮೂರೂ ಸರಿಹೋದ್ವು, ಅದಕ್ಕೇ ನಿಂತೈತೆ. ಎಣ್ಣೆ ಬಿದ್ರೆ ಈ ಮೂರನೇದು ಗಿಡ್ಡ ಆಗ್ತೈತೆ, ಬಂಡೆ ಜಾರ್ತೈತೆ."

"ಬಂಡೆ ಇದನ್ನ ಓದೈತೇನವ್ವ?" ಎಂದ ಪರಮೇಶ್.

ಅವಳು ಒಂದು ಚಪ್ಪಟೆ ಕಲ್ಲೆತ್ತಿ, ಮೇಲಿಡಲು ಗುಂಡುಕಲ್ಲೊಂದನ್ನು ಹಿಡಿದವಳು ಅದು ಉರುಳುತ್ತದೆಂದು ಬಿಟ್ಟು, ಮುರಿದ ಚೂರೊಂದನ್ನಿಟ್ಟು ಓರೆ ಮಾಡಿದಳು. ಬಂಡೆಯ ಇಳಿಜಾರಿಗಿಂತ ಕಡಿದಾದರೂ ಚೂರು ನಿಂತಿತ್ತು. ಆಮೇಲೆ ಕಲ್ಲನ್ನು ಮಟ್ಟಕ್ಕೆ ತಂದು, ಚೂರಿನ ಬುಡಕ್ಕೆ ಬಾಟಲಿಯಿಂದ ನಾಲ್ಕು ಹನಿ ಎಣ್ಣೆ ಬಿಟ್ಟು, ಮತ್ತೆ ಓರೆ ಮಾಡಿದಳು. ಈಗ ಚೂರು ಅರ್ಧ ಓರೆಗೇ ಸರ್ರನೆ ಜಾರಿ ಪಾಲಣ್ಣನ ಕಾಲಿಗೆ ಬಡಿಯಿತು.

ಪಾಲಣ್ಣ ಬಾಟಲಿಗೆ ಮತ್ತೆ ಬಟ್ಟೆ ತುರುಕಿದ.

ಒಬ್ಬೊಬ್ಬರಾಗಿ ನುಸುಳಿದರು. ಯಾರೂ ಬಂಡೆ ಮುಟ್ಟಲಿಲ್ಲ.

ಬರುವಾಗ ಚಂದ್ರಕ್ಕನನ್ನು ಕಂಬಳಿಯಲ್ಲಿ ಮಲಗಿಸಿ ಎಳೆದರು. ತಲೆಯ ಮೇಲಿಂದ ಮರಳು ಸುರಿಯಿತು. ನಿಂತರು. ಮರಳು ನಿಂತಿತು. ಮತ್ತೆ ಎಳೆದರು.

ಬಯಲಿಗೆ ಬಂದ ಮೇಲೆ ಚಂದ್ರಕ್ಕ, ಎಣ್ಣೆ ಎರೆದಿರಾ ಎಂದು ಕೇಳಿದಳು. ಪಾಲಣ್ಣ ಅವಳಿಗೆ ನೀರು ಕುಡಿಸಿದ.

ಚಂದ್ರಕ್ಕನನ್ನು ಆಸ್ಪತ್ರೆಗೆ ಸೇರಿಸಿ ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಏಕನಾಥಮ್ಮ ತುಂಬಿದ್ದಂತೆಯೇ ಇದ್ದ ಬಾಟಲಿಯನ್ನು ನೋಡಿ ಗೂಡಿಗಿಟ್ಟಳು. ಗಂಡಸರಿಬ್ಬರೂ ಜಗಲಿಗೆ ಒರಗಿದರು. ಮೂಡಲಲ್ಲಿ ಮೋಡ ಕಟ್ಟುತ್ತಿತ್ತು.

"ಮಾವ, ಮಳೆನೀರು ಅಡಿಗೆ ಹೋದ್ರೂ ಆ ಬಂಡೆ ಜಾರ್ಬೋದು. ನಾಳಿಂದ ಆ ದಾರೀಲಿ ಕುರಿ ಹೊಡಿಬ್ಯಾಡ್ರಿ."