ಆಲ್ಬಿಯ ಬಂಡೆ

ಮೀನೆತ್ತುವ ಕೊಕ್ಕೆ ನನ್ನ ಕಾಲರಿಗೆ ಸಿಕ್ಕಿಕೊಂಡಿತ್ತು.

ಅದರ ಇನ್ನೊಂದು ತುದಿಯಲ್ಲಿ ನಮ್ಮದೇ ಬಂದರಿನ ಮೀನುಗಾರ ರೋಯ್ಸ್. ನನ್ನ ಬೆನ್ನ ಹಿಂದೆ ಜೆಟ್ಟಿ ಮುಗಿದಿತ್ತು. ಕೆಳಗೆ ಟ್ಯಾಸ್ಮೇನಿಯಾದ ಚಳಿಗಾಲದ ನೀರು...

"ಆಲ್ಬಿಯ ಜಾಗ ಎಲ್ಲಿ, ಹುಡುಗಿ?"

"ಹೇಳಲ್ಲ, ರೋಯ್ಸಣ್ಣ."

ಕಾಲರ್ ಹರಿಯಿತು. ಅವನ ಕಾಲ ಸಂದಿಯಲ್ಲಿ ನುಸುಳಿ ಓಡಿದೆ. ಗಿಡ್ಡಿಯಾಗಿರುವುದರಲ್ಲೂ ಒಂದು ಲಾಭ ಇದೆ.

ಆಲ್ಬಿ ಸತ್ತು ಒಂಬತ್ತು ದಿನ. ಆರು ವರ್ಷ ಅವನ ದೋಣಿಯಲ್ಲಿ ಗಾಳದ ಹಗ್ಗ ಎಳೆದವಳು ನಾನು. ನೂರು ಮಾರು ಆಳದಲ್ಲಿ ಒಂದು ಬಂಡೆ. ಅದರ ಸುತ್ತ ಪಟ್ಟೆಪಟ್ಟೆಯ ಟ್ರಂಪೆಟರ್ ಮೀನು. ಜಾಗ ಈಗ ನನಗೊಬ್ಬಳಿಗೇ ಗೊತ್ತು. ಅವನ ಹೆಂಡತಿ ಈನಿಡ್ ಬದುಕಬೇಕಾದದ್ದೂ ಅದರಿಂದಲೇ. ಊರಿನ ಹದಿನಾಲ್ಕು ದೋಣಿ ಮುತ್ತಿದರೆ ಒಂದೇ ವರ್ಷದಲ್ಲಿ ಬಂಡೆ ಬೋಳು.

ಆದರೆ ಆಲ್ಬಿಯೇ ಎಡವಟ್ಟು ಮಾಡಿ ಹೋಗಿದ್ದ. ತನ್ನ ಬೂದಿಯನ್ನು ಆ ಬಂಡೆಯ ಮೇಲೇ ಸುರಿಯಬೇಕು ಅಂತ ಪಬ್ಬಿನಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದ. ನಮ್ಮಲ್ಲಿ ಮೀನುಗಾರನ ಬೂದಿ ಹೊರಟರೆ ಬಂದರಿನ ಎಲ್ಲ ದೋಣಿಗಳೂ ಹಿಂದೆ ಬರುತ್ತವೆ. ಬೇಡ ಅನ್ನುವ ಹಾಗಿಲ್ಲ. ಪ್ರತಿ ದೋಣಿಯಲ್ಲೂ ಜಿಪಿಎಸ್. ಒಂದು ಗುಂಡಿ ಒತ್ತಿದರೆ ಜಾಗ ದಾಖಲಾಗಿ ಮುಗಿಯಿತು...

ಈನಿಡ್ ಅತ್ತಳು. ನಾನು ಯೋಚಿಸಿದೆ.

ಮರುದಿನ ಬೆಳಿಗ್ಗೆ ಹೊರಟೆವು. ನಾನು ಸುಮ್ಮನೆ ದಾರಿ ತೋರಿಸಲಿಲ್ಲ. ಸುಲಭವಾಗಿ ಸಿಕ್ಕಿದ್ದನ್ನು ಯಾರೂ ನಂಬುವುದಿಲ್ಲ. ಎಂಜಿನ್ ಪೂರ್ತಿ ವೇಗಕ್ಕೆ ಬಿಟ್ಟೆ. ದ್ವೀಪದ ಹಿಂದೆ ನುಗ್ಗಿದೆ, ಎರಡು ಸಲ ತಿರುಗಿದೆ. ಹದಿನಾಲ್ಕೂ ದೋಣಿಗಳು ಮೆರವಣಿಗೆ ಮರೆತು ಓಟಕ್ಕೆ ಬಿದ್ದವು. ಕೊನೆಗೆ ಸೋತವಳಂತೆ ನಿಲ್ಲಿಸಿದೆ.

ಈನಿಡ್ ಬೂದಿ ಸುರಿದಳು. ಎಲ್ಲರೂ ಟೋಪಿ ತೆಗೆದರು.

ಒಂದು ಕೈಯಲ್ಲಿ ಟೋಪಿ. ಇನ್ನೊಂದು ಕೈ ಜಿಪಿಎಸ್ ಗುಂಡಿಯ ಮೇಲೆ.

ಮಾರನೆಯ ದಿನ ಅವರೆಲ್ಲ ಅಲ್ಲೇ ಗಾಳ ಬಿಟ್ಟರು. ಸಂಜೆ ರೋಯ್ಸ್ ಜೆಟ್ಟಿಗೆ ಬಂದ. ಗಾಳದ ಹಗ್ಗ ಎಳೆದೆಳೆದು ಮೈಯೆಲ್ಲ ಕೆಸರು.

"ಈನಿಡ್, ಅಲ್ಲಿ ಬಂಡೆಯೇ ಇಲ್ಲ. ಬರೀ ಕೆಸರು."

ಈನಿಡ್ ಫ್ಲಾಸ್ಕಿನಿಂದ ಅವನಿಗೂ ಚಹಾ ಸುರಿದಳು.

"ನೀವು ಬಂದದ್ದು ಆಲ್ಬಿಯನ್ನು ಬೀಳ್ಕೊಡಲು ತಾನೇ, ರೋಯ್ಸ್? ಮೀನಿನ ಮಾತು ಯಾರು ಎತ್ತಿದ್ದು?"

ಅವನು ಚಹಾ ಕುಡಿದು ಹೋದ. ನಮ್ಮ ದೋಣಿಯ ಟಾರ್ಪಾಲಿನ ಕಡೆ ನೋಡಲಿಲ್ಲ. ಅದರ ಕೆಳಗೆ ನಲವತ್ತೊಂದು ಟ್ರಂಪೆಟರ್ ಇದ್ದವು.

ಕೆಸರಿಗೆ ಬಿದ್ದದ್ದು ಈನಿಡ್‌ಳ ಒಲೆಯ ಬೂದಿ. ಅವರೆಲ್ಲ ಕೆಸರು ಎಳೆಯುತ್ತಿದ್ದಾಗ ನಾವಿಬ್ಬರೇ ನಿಜವಾದ ಬಂಡೆಗೆ ಹೋಗಿ, ಬಿಸ್ಕತ್ತಿನ ಡಬ್ಬಿಯಿಂದ ಆಲ್ಬಿಯನ್ನು ಇಳಿಸಿ, ಗಾಳ ಬಿಟ್ಟಿದ್ದೆವು.

ನಲವತ್ತೊಂದು... ಬದುಕಿದ್ದಾಗ ಆಲ್ಬಿ ಒಂದು ದಿನವೂ ಇಷ್ಟು ಕೆಲಸ ಮಾಡಿದವನಲ್ಲ.