ಗೇರಿನ ಮೇಲಿಟ್ಟ ಕೈ

“ಕೀ ಕೊಡ್ರೀ!”

“ಕೊಡಲ್ಲ.”

ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಂತ ಮೆಕ್ಯಾನಿಕ್‌ನನ್ನು ಅವಳು ಸುಟ್ಟುಬಿಡುವಂತೆ ನೋಡಿದಳು. ಅವನನ್ನು ನೋಡುತ್ತಿರುವುದೇ ಇಂದು ಮೊದಲು. ಅವಳ ವ್ಯಾನಿನ ಕೀಲಿಯನ್ನು ಜೇಬಿಗಿಳಿಸಿ, ಮೇಲೆ ಗುಂಡಿ ಬೇರೆ ಹಾಕಿಕೊಂಡಿದ್ದಾನೆ!

“ಬ್ರೇಕ್ ಲೈಟಿನ ಬಲ್ಬ್ ಹಾಕಿ ಅಂದೆ. ಅಷ್ಟೇ.”

“ಹಾಕಾಯ್ತು. ಓಡಿಸಿಯೂ ನೋಡ್ದೆ. ಮೂರನೇ ಗೇರ್ ತಾನಾಗೇ ನ್ಯೂಟ್ರಲ್‌ಗೆ ಜಾರುತ್ತೆ. ಎರಡಕ್ಕೆ ಹಾಕಿದ್ರೆ ಕರಕರ ಅನ್ನುತ್ತೆ. ನಿಲ್ಲಿಸಿದ ಜಾಗದಲ್ಲಿ ಆಯಿಲ್ ಬಿದ್ದಿದೆ. ಇಷ್ಟೂ ಗೊತ್ತಾಗಿಲ್ವಾ ನಿಮಗೆ?”

ಗೊತ್ತಿತ್ತು. ಗೇರ್ ಜಾರಿದಾಗಲೆಲ್ಲ ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದಳು. ಸದ್ದು ಕೇಳದಿರಲೆಂದು ರೇಡಿಯೋ ಜೋರು ಮಾಡುತ್ತಿದ್ದಳು. ಹಿಂದೆ ಕೂತ ಶಾಲೆಮಕ್ಕಳಿಗೆ ಅದೇ ಖುಷಿ.

“ಒಂಟಿ ಹೆಂಗಸು ಬಂದ್ರೆ ಇಲ್ಲದ ರಿಪೇರಿ ಹುಟ್ಟಿಕೊಳ್ಳುತ್ತೆ, ಅಲ್ವಾ?”

“ನಿಮ್ಮ ವ್ಯಾನಲ್ಲಿ ನಮ್ಮಕ್ಕನ ಮಗಳು ಬರ್ತಾಳೆ. ಶಾಲೆ ಹತ್ರ ಇಳಿಜಾರಲ್ಲಿ ಗೇರ್ ಜಾರಿದ್ರೆ?”

ಕೀಲಿಗೆ ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು.

ಅವನು ಬಿಡಲಿಲ್ಲ. “ಓಡಿಸುವಾಗೆಲ್ಲ ಗೇರ್ ಮೇಲೆ ಕೈ ಊರಿಕೊಂಡೇ ಇರ್ತೀರಂತೆ, ಅವಳೇ ಹೇಳಿದ್ಲು. ಆ ಭಾರಕ್ಕೇ ಒಳಗೆ ಸವೆದಿರೋದು. ಯಾವ ದಡ್ಡ ಕಲಿಸಿದ ನಿಮಗೆ?”

“ನನ್ನ ಗಂಡ.”

ಅವಳು ಒಂದು ಹೆಜ್ಜೆ ಮುಂದೆ ಬಂದಳು.

“ನನ್ನ ಕೈ ಮೇಲೆ ಅವರ ಕೈ ಇಟ್ಟು ಕಲಿಸಿದ್ರು. ಈ ವ್ಯಾನೂ ಅವರದ್ದೇ. ಈಗ ಅವರಿಲ್ಲ. ಇನ್ನೇನಾದ್ರೂ ಬೈಯೋದಿದ್ಯಾ?”

ಅವನು ತಲೆ ತಗ್ಗಿಸಿದ. ಆದರೂ ಕೀ ಕೊಡಲಿಲ್ಲ!

ಮನೆಯಲ್ಲಿ ಅತ್ತೆ ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು. “ನನ್ನ ಮಗನಿಗೆಲ್ಲಿ ಡ್ರೈವಿಂಗ್ ಬರ್ತಿತ್ತು? ಗೇಟಿಗೆ ಗುದ್ದಿದ್ದು ಇನ್ನೂ ಹಾಗೇ ಇದೆ. ಮಾಡಿಸ್ಕೋ ಹೋಗೇ, ಹುಚ್ಚಿ.”

ಅವಳಿಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ. ಎರಡೂ ಬಂದು ಬಹಳ ಕಾಲವಾಗಿತ್ತು.

ರಿಪೇರಿ ಮುಗಿಯುವವರೆಗೆ ಅವನು ಗ್ಯಾರೇಜಿನ ಹಳೇ ವ್ಯಾನ್ ಕೊಟ್ಟ. ಜೊತೆಗೆ ದಿನಾ ಬೆಳಿಗ್ಗೆ ಪಕ್ಕದ ಸೀಟಿನಲ್ಲಿ ತಾನೂ ಬಂದು ಕೂತ.

“ನೀವ್ಯಾಕೆ?”

“ಇದರ ಗೇರ್‌ಬಾಕ್ಸೂ ಹೋಗೋದು ಬೇಡ ಅಂತ.”

ಕೈ ಗೇರಿನತ್ತ ಸರಿದ ಕೂಡಲೇ, “ಕೈ!” ಅನ್ನುತ್ತಿದ್ದ.

“ಕಣ್ಣಿದೆ ನನಗೆ!”

“ಕಣ್ಣಿನ ವಿಷಯ ಯಾರು ಕೇಳಿದ್ರು? ಕೈ!”

ಮಕ್ಕಳೂ ಕಲಿತುಬಿಟ್ಟವು. ಹಿಂದಿನಿಂದ ಒಕ್ಕೊರಲಲ್ಲಿ, “ಆಂಟೀ, ಕೈ!”

ಅವಳು ಹಲ್ಲು ಕಚ್ಚುತ್ತಿದ್ದಳು. ಒಂದು ದಿನ ಅವನು ಬರುವುದು ತಡವಾಯಿತು. ಅವಳು ಎಂಜಿನ್ ಆಫ್ ಮಾಡಿ ರಸ್ತೆ ನೋಡುತ್ತ ಕೂತಳು. ‘ಯಾಕೆ ಕಾಯ್ತಿದೀನಿ?’ ತನ್ನ ಮೇಲೇ ಸಿಟ್ಟು ಬಂತು. ಎಷ್ಟೋ ಕಾಲದ ಮೇಲೆ, ಏನೋ ಒಂದು ಬಂತು...

ಅಂತೂ ಅವಳ ವ್ಯಾನ್ ಸಿದ್ಧವಾಯಿತು. ಹತ್ತಿ ಕೂತವಳು ಹಾವು ಮುಟ್ಟಿದಂತೆ ಬೆಚ್ಚಿದಳು. ಗೇರಿನ ತುದಿಯಲ್ಲಿ ಹೊಸ, ಹೊಳೆಯುವ ಹಿಡಿ!

“ಹಳೇದೆಲ್ಲಿ? ಅವರ ಹೆಬ್ಬೆರಳು ಸವೆದ ಗುರುತಿತ್ತು ಅದರಲ್ಲಿ! ಯಾರು ಕೇಳಿದ್ರು ಹೊಸದನ್ನ? ಎಸೆದುಬಿಟ್ರಾ?”

ಅವನು ಜೇಬಿನ ಗುಂಡಿ ಬಿಚ್ಚಿದ. ಅಂದು ಕೀ ಇದ್ದ ಅದೇ ಜೇಬು. ಒಗೆದ ಬಟ್ಟೆಯಲ್ಲಿ ಸುತ್ತಿದ ಹಳೇ ಹಿಡಿ.

“ಒಡೆದಿತ್ತು. ಅಂಟಿಸಿದೀನಿ. ಆ ಗುರುತು ಮಾತ್ರ ಉಜ್ಜಿಲ್ಲ.” ತಡೆದು ಹೇಳಿದ, “ಅವರನ್ನ ದಡ್ಡ ಅಂದಿದ್ದೆ. ಆವತ್ತಿಂದ ನಿದ್ದೆ ಸರಿಯಾಗಿ ಬಂದಿಲ್ಲ ನಂಗೆ.”

ಹೆಬ್ಬೆರಳಿನ ಆ ಹಳ್ಳದಲ್ಲಿ ಅವಳು ತನ್ನ ಬೆರಳಿಟ್ಟಳು. ಕಣ್ಣು ತುಂಬಿತು. ಕೊನೆಗೂ...

“ಇದನ್ನೇ ಹಾಕಿ. ಕೈ ಊರಲ್ಲ. ಮಾತು ಕೊಡ್ತೀನಿ.”

ಹಳೇ ಹಿಡಿ ಕೂರಿಸಿ ಇಬ್ಬರೂ ಹೊರಟರು. ಇಳಿಜಾರಿನಲ್ಲಿ ಮೂರನೇ ಗೇರ್ ಅಲುಗಲಿಲ್ಲ. ಸದ್ದಿಲ್ಲ. ರೇಡಿಯೋ ಬೇಕಾಗಲಿಲ್ಲ.

“ಈ ಕೈ ಎಲ್ಲಿಡ್ಲಿ ಈಗ?” ಅವಳ ದನಿಯಲ್ಲಿ ಇನ್ನೂ ಸಿಡುಕಿತ್ತು.

“ಸ್ಟೀರಿಂಗ್ ಮೇಲೆ.”

“ನಿಲ್ಲಿಸಿದ ಮೇಲೆ?”

ಅವನು ಕಿಟಕಿಯತ್ತ ತಿರುಗಿದ. ಕಿವಿ ಕೆಂಪಾಗಿತ್ತು.

“ಅದು... ನಿಲ್ಲಿಸಿದ ಮೇಲೆ ಹೇಳ್ತೀನಿ.”

ಅವಳು ವ್ಯಾನನ್ನು ರಸ್ತೆಯ ಬದಿಗೆ ತಂದಳು. ನ್ಯೂಟ್ರಲ್‌ಗೆ ಹಾಕಿದಳು. ಹ್ಯಾಂಡ್‌ಬ್ರೇಕ್ ಎಳೆದಳು.

“ನಿಲ್ಲಿಸಿದೆ. ಹೇಳಿ.”